ವರ್ಷದಿಂದ ಮೂಗು ಕಟ್ಟಿದೆ, ಬಯಾಪ್ಸಿ ಮಾಡಿಸಬೇಕಾ?

ಸಿಂಧನೂರಿನ ನಿಮ್ಮ ತಂದೆಗೆ ವರ್ಷದಿಂದ ಮೂಗು ಕಟ್ಟಿದೆ, ವಾಸನೆಯ ಹಕ್ಕಳೆ, ಆಗಾಗ ರಕ್ತ, ಒಳಗೆ ಗಂಟು. ಎಷ್ಟು ಆ್ಯಂಟಿಬಯೋಟಿಕ್ ಕೊಟ್ಟರೂ ಮತ್ತೆ ಅದೇ. ಕ್ಯಾನ್ಸರ್ ಇರಬಹುದಾ, ಬಯಾಪ್ಸಿ (ಗಂಟಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಬೇಕಾ ಅಂತ ಕೇಳಿದ್ದೀರಿ.

ಬೇಕು, ಮಾಡಿಸಿ. ನಾನು ಬಳ್ಳಾರಿಯಲ್ಲಿ ಇಎನ್‌ಟಿ ಡಾಕ್ಟರ್. ನೋಡದೆ ರೋಗದ ಹೆಸರು ಹೇಳಲಾರೆ. ಆದರೆ ಇಂಥ ಲಕ್ಷಣ ಕೇಳಿದಾಗ ರೈನೋಸ್ಕ್ಲೆರೋಮಾ ಕೂಡ ತಲೆಯಲ್ಲಿ ಇರಲೇಬೇಕು. ಅಪರೂಪದ ರೋಗ, ಕ್ಲೆಬ್ಸಿಯೆಲ್ಲಾ ಗುಂಪಿನ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮೊದಲು ನೆಗಡಿಯಂತೆ ಇರುತ್ತದೆ, ಆಮೇಲೆ ಗಂಟು ಬೆಳೆಯುತ್ತದೆ, ಕೊನೆಗೆ ಕಲೆಗಟ್ಟಿ ಬಿಗಿಯುತ್ತದೆ. 1870ರಲ್ಲಿ ಇದನ್ನು ಮೊದಲು ವಿವರಿಸಿದ ವೈದ್ಯ ಹೆಬ್ರಾ ಕೂಡ ಕ್ಯಾನ್ಸರ್ ಥರದ ಗೆಡ್ಡೆ ಅಂದುಕೊಂಡಿದ್ದರು. ನಿಮಗೆ ಭಯ ಆಗಿದ್ದು ಸಹಜ.

ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್ ಆದ ಮೇಲೆ ತುಣುಕು ತೆಗೆಯುತ್ತಾರೆ. ಆಗ ಒಂದು ಮಾತು ಕೇಳಿ: ಒಂದು ತುಣುಕು ಫಾರ್ಮಲಿನ್‌ನಲ್ಲಿ (ಕೆಡದಂತೆ ಇಡುವ ದ್ರಾವಣ) ಪೆಥಾಲಜಿಗೆ, ಇನ್ನೊಂದು ಸಲೈನ್‌ನಲ್ಲಿ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಹೋಗಲಿ. ಫಾರ್ಮಲಿನ್‌ಗೆ ಬಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಈ ರೋಗವೇ ಇದ್ದರೂ ಕಲ್ಚರ್ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಹಾಗಾಗಿ ಮೈಕ್ರೋಸ್ಕೋಪ್‌ನಲ್ಲಿ ಕಾಣುವ ಮಿಕುಲಿಚ್ ಜೀವಕೋಶಗಳ ಮೇಲೆ ಜಾಸ್ತಿ ಭರವಸೆ. ಬ್ಯಾಕ್ಟೀರಿಯಾ ತುಂಬಿಕೊಂಡ, ನೊರೆಯಂತೆ ಕಾಣುವ ದೊಡ್ಡ ಜೀವಕೋಶಗಳವು. ಟಿಬಿ, ಕುಷ್ಠ, ಫಂಗಸ್, ಕ್ಯಾನ್ಸರ್ ಇದ್ದರೂ ಇದೇ ತುಣುಕಿನಲ್ಲಿ ಪತ್ತೆ ಹಚ್ಚಬಹುದು. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಈ ವಿಭಾಗಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಅಲ್ಲಿಯವರೆಗೆ ಮೆಡಿಕಲ್ ಶಾಪ್‌ನಿಂದ ಸಿಪ್ರೊಫ್ಲಾಕ್ಸಾಸಿನ್ ತಂದು ಸುಮ್ನೆ ಕೊಡಬೇಡಿ. ಈ ಗುಂಪಿನ ಮಾತ್ರೆಗಳು ಟಿಬಿಯನ್ನೂ ಅರ್ಧಂಬರ್ಧ ಅದುಮಿಡುತ್ತವೆ, ರೋಗ ಗೊತ್ತಾಗುವುದೇ ತಡವಾಗುತ್ತದೆ. ರೈನೋಸ್ಕ್ಲೆರೋಮಾ ಅಂತ ಖಚಿತವಾದರೆ ಸಾಮಾನ್ಯವಾಗಿ ಅದೇ ಮಾತ್ರೆ, ಆದರೆ ಐದು ದಿನವಲ್ಲ, ಎರಡು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಹಾಲಿನ ಜೊತೆ, ಕ್ಯಾಲ್ಸಿಯಂ ಅಥವಾ ಐರನ್ ಮಾತ್ರೆಯ ಜೊತೆ ನುಂಗಬಾರದು, ಔಷಧ ಮೈಗೆ ಹತ್ತುವುದಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಟೆಂಡನ್) ನೋವು ಶುರುವಾದರೆ ಮಾತ್ರೆ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ. ಮೂಗು ತೆರೆಯಿತು ಅಂತ ಮಧ್ಯದಲ್ಲಿ ಬಿಡುವವರು ಬಹಳ. ನನಗೆ ತುಂಬಾ ಸಂಕಟ ಆಗುವುದು ಅದಕ್ಕೇ, ಯಾಕೆಂದರೆ ಇದು ಮರುಕಳಿಸುವ ರೋಗ. ಮುಗಿದ ಮೇಲೂ ವರ್ಷಗಟ್ಟಲೆ ತೋರಿಸಿಕೊಳ್ಳುತ್ತಿರಬೇಕು.

ಮೂಗು ತೊಳೆಯಲು ಕುದಿಸಿ ಆರಿಸಿದ ಉಪ್ಪುನೀರು ಮಾತ್ರ ಬಳಸಿ. ಕಾಲುವೆ ನೀರು ಬೇಡವೇ ಬೇಡ. ದನಿ ಒಡೆದರೆ ತಡಮಾಡದೆ ಗಂಟಲು ತೋರಿಸಿ, ಈ ರೋಗ ಅಲ್ಲಿಗೂ ಇಳಿಯುತ್ತದೆ. ಉಸಿರೆಳೆದಾಗ ಸೀಟಿಯ ಸದ್ದು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.