ಮಣ್ಣಿನ ಇಂಗಾಲ ಡ್ರಮ್ಮಿನಲ್ಲಿ ಬರುವುದಿಲ್ಲ

ಪ್ರಶ್ನೆ: ಮಂಡ್ಯ ಕಡೆ ನಮ್ಮದು ಎರಡು ಎಕರೆ ಕಬ್ಬು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ (ಕೊಳೆತ ಕಸಕಡ್ಡಿ, ಗೊಬ್ಬರದಿಂದ ಮಣ್ಣಿನಲ್ಲಿ ಉಳಿಯುವ ಇಂಗಾಲ) ಶೇ 0.38 ಬಂದಿದೆ. ಕಟಾವಾದ ಮೇಲೆ ತರಗಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಾಕಿ ಕೂಳೆ (ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡುತ್ತೇವೆ. ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಡ್ರಮ್ಮಿನ ನೀರಲ್ಲಿ ಕಲಸಿ ಹುಳಿ ಬರಿಸಿದ್ದು) ಕೊಟ್ಟರೆ ಒಂದೇ ವರ್ಷದಲ್ಲಿ ಇಂಗಾಲ ಏರುತ್ತೆ ಅಂತಾರೆ. ನಿಜವೇ?

ಉತ್ತರ: ಇಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಪ್ರತಿ ಸಲವೂ ಬೆಂಕಿಯ ಮಾತು ನಡುವೆ ಸುಮ್ನೆ ಬಂದು ಹೋಗುತ್ತೆ. ನನಗೆ ಸಿಟ್ಟು ಬರುವುದು ಅಲ್ಲೇ.

ಲೆಕ್ಕ ಹಾಕಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತೆ. 0.38 ಇರುವುದು 0.48 ಆಗಬೇಕಾದರೆ 900 ಕೆಜಿ ಇಂಗಾಲ ಅಲ್ಲಿ ನಿಲ್ಲಬೇಕು. 200 ಲೀಟರ್ ಜೀವಾಮೃತಕ್ಕೆ ಬೀಳುವ ಸಗಣಿ 10 ಕೆಜಿ. ಅದರಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಬೆಲ್ಲ, ಹಿಟ್ಟು ಎಲ್ಲ ಸೇರಿಸಿದರೂ ಇಂಗಾಲ ಮೂರು ಕೆಜಿ ಆದರೆ ಹೆಚ್ಚು. ನೀವು ಸುಡುವ ತರಗು ಎಕರೆಗೆ 3–4 ಟನ್. ಅದರಲ್ಲಿ ಒಂದು ಟನ್ನಿಗೂ ಜಾಸ್ತಿ ಇಂಗಾಲ ಇದೆ. ಅದು ಒಂದೇ ಸಂಜೆಗೆ ಹೊಗೆಯಾಗಿ ಹೋಗುತ್ತೆ.

ತರಗನ್ನು ಸಾಲು ಬಿಟ್ಟು ಸಾಲಿಗೆ ಹರಡಿ. ಟನ್ನಿಗೆ 8 ಕೆಜಿ ಯೂರಿಯಾ ಎರಚಿ, ನೀರು ಕೊಡಿ. ತರಗು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಇಲ್ಲದಿದ್ದರೆ ಕೂಳೆಯ ಪಾಲನ್ನೇ ಕಿತ್ತುಕೊಳ್ಳುತ್ತವೆ, ಎಲೆ ಹಳದಿಯಾಗುತ್ತೆ. ಯೂರಿಯಾ ಮುಟ್ಟಿದರೆ ಮಣ್ಣು ಸಾಯುತ್ತೆ ಅನ್ನುವವರ ಮಾತು ಕೇಳಬೇಡಿ. ಜೀವಾಮೃತ ಮಾಡಿದ್ದರೆ ಅದನ್ನೂ ಈ ತರಗಿನ ಮೇಲೇ ಸುರಿಯಿರಿ. ಎರಡು ತಿಂಗಳು ಬಿಟ್ಟು ಒಂದು ಹಿಡಿ ತರಗು ಎತ್ತಿ ನೋಡಿ. ಅಡಿಯಲ್ಲಿ ತೇವ, ಎಲೆಗೆ ಅಂಟಿದ ಬಿಳಿ ಬೂಷ್ಟು, ಎರೆಹುಳು ಹಾಕಿದ ಸಣ್ಣ ಸಣ್ಣ ಮಣ್ಣಿನ ಉಂಡೆ ಕಾಣುತ್ತೆ.

ಆದರೂ ವರ್ಷದಲ್ಲೇ ಅಂಕಿ ಏರುತ್ತೆ ಎಂದು ನಾನು ಮಾತು ಕೊಡುವುದಿಲ್ಲ. ನಮ್ಮ ಬಿಸಿಲಿಗೆ ಹಾಕಿದ್ದರಲ್ಲಿ ಬಹುಪಾಲು ಕೊಳೆತು ಗಾಳಿಗೆ ಹೋಗುತ್ತೆ, ನಿಲ್ಲುವುದು ಸ್ವಲ್ಪ. ಮೂರು ವರ್ಷ ಬೆಂಕಿ ಹಾಕಬೇಡಿ. ಆಮೇಲೆ ಅದೇ ತಿಂಗಳು, ಅದೇ ಜಾಗದ ಮಣ್ಣು ಪರೀಕ್ಷೆಗೆ ಕೊಡಿ. ತಿಪ್ಪೆ ಪಕ್ಕದ್ದು ಬೇಡ, ಮರದ ಬುಡದ್ದೂ ಬೇಡ.

ಪ್ರಶ್ನೆ: ಮಣ್ಣಿಗೆ ಹಾಕಲು ಅಂಗಡಿಯಲ್ಲಿ ಮಾರುವ ಹ್ಯೂಮಿಕ್ ಆಮ್ಲದ ಬಾಟಲಿ ತಂದರೆ ಕೊಟ್ಟಿಗೆ ಗೊಬ್ಬರ ಬೇಡವಂತೆ, ಹೌದೇ?

ಉತ್ತರ: ಸುಳ್ಳು. ಒಂದು ಲೀಟರ್ ಬಾಟಲಿ 900 ಟನ್ ಮಣ್ಣಿಗೆ ಏನು ಮಾಡುತ್ತೆ ಎಂದು ಮಾರುವವರನ್ನೇ ಕೇಳಿ.

ಪ್ರಶ್ನೆ: ಎರೆಹುಳು ಕೊಂಡು ತಂದು ಹೊಲಕ್ಕೆ ಬಿಡಲೇ?

ಉತ್ತರ: ಬೇಡ. ತಿನ್ನಲು ತರಗು, ಇರಲು ತೇವ ಸಿಕ್ಕರೆ ನಿಮ್ಮ ಮಣ್ಣಿನ ಹುಳುಗಳೇ ಮೇಲೆ ಬರುತ್ತವೆ.

ಪ್ರಶ್ನೆ: ತರಗು ಸುಡದಿದ್ದರೆ ಹಾವು ಸೇರುತ್ತಲ್ಲ?

ಉತ್ತರ: ಆ ಭಯ ಸುಳ್ಳಲ್ಲ. ಗಮ್‌ಬೂಟ್ ಹಾಕಿಕೊಳ್ಳಿ. ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಲು ಹೋಗುವುದಾದರೆ ಟಾರ್ಚ್ ಇಲ್ಲದೆ ಗದ್ದೆಗೆ ಇಳಿಯಬೇಡಿ.