ಓದುಗರ ಪ್ರಶ್ನೆ: ಪೋಕರ್ ಮೇಜಿನಲ್ಲಿ ನಿಮ್ಮ ಇಮೇಜ್ ಯಾರ ಕಣ್ಣಿನಲ್ಲಿದೆ?

ಪ್ರಶ್ನೆ: ಗೆಳೆಯರೊಂದಿಗೆ ಪಣಜಿಗೆ ಹೋಗಿದ್ದಾಗ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗೊಂದರಲ್ಲಿ ಟೆಕ್ಸಾಸ್ ಹೋಲ್ಡೆಮ್ ಆಡಿದೆ, ಅಂದರೆ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್. ಎರಡು ಗಂಟೆ ಕಾಲ ಬಂದ ಎಲೆಗಳನ್ನೆಲ್ಲ ಹೆಚ್ಚುಕಡಿಮೆ ಫೋಲ್ಡ್ ಮಾಡುತ್ತಲೇ (ಆಡದೆ ಬಿಡುತ್ತಲೇ) ಇದ್ದೆ. ಒಳ್ಳೆಯ ಎಲೆ ಬಂದರೆ ಮಾತ್ರ ಆಡುವ ಬಿಗಿ ಆಟಗಾರನೆಂಬ ಹೆಸರು ಬಂದಿದೆ ಎಂದುಕೊಂಡು, ಒಂದು ಕೈಯಲ್ಲಿ (ಒಂದು ಸಲ ಎಲೆ ಹಂಚಿ ಆಡುವ ಆಟ) ಮೊದಲು ರೇಸ್ ಮಾಡಿ (ಪಣ ಏರಿಸಿ), ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ಮತ್ತು ಟರ್ನ್‌ನಲ್ಲಿ (ನಾಲ್ಕನೇ ಎಲೆ) ಚೆಕ್ ಮಾಡಿ (ಪಣ ಹಾಕದೆ ಬಿಟ್ಟು), ರಿವರ್‌ನಲ್ಲಿ (ಐದನೇ ಎಲೆ) ಏನೂ ಇಲ್ಲದೆ ದೊಡ್ಡ ಬೆಟ್ ಹಾಕಿದೆ. ಎದುರಿನವರು ಬರೀ ಒಂಬತ್ತರ ಜೋಡಿ ಹಿಡಿದು ಕಾಲ್ ಮಾಡಿ (ಅಷ್ಟೇ ಹಣ ಹಾಕಿ) ಪಾಟ್ (ಮಧ್ಯೆ ಸೇರಿದ ಹಣ) ಎಳೆದುಕೊಂಡರು. ಟೇಬಲ್ ಇಮೇಜ್ ಎಂಬುದು ಬರೀ ಮಾತೇ?
– ಓದುಗರು, ಡೊಂಬಿವಲಿ

ಉತ್ತರ: ಬರೀ ಮಾತಲ್ಲ, ಆದರೆ ಅದು ನಿಮ್ಮ ಮನಸ್ಸಿನಲ್ಲಿರುವ ವಸ್ತುವೂ ಅಲ್ಲ. ಎದುರಿಗೆ ಕುಳಿತ ಆ ಒಬ್ಬ ವ್ಯಕ್ತಿ ನಿಮ್ಮಿಂದ ಏನನ್ನು ನೋಡಿದ್ದಾರೆ, ಅದರಲ್ಲಿ ಏನನ್ನು ನೆನಪಿಟ್ಟಿದ್ದಾರೆ ಎಂಬುದಷ್ಟೇ ನಿಮ್ಮ ಇಮೇಜ್. ಅವರು ಬಂದು ಕುಳಿತು ಅರ್ಧ ಗಂಟೆಯಾಗಿದ್ದರೆ, ಅಥವಾ ತಾವು ಆಡದ ಕೈಗಳಲ್ಲೆಲ್ಲ ಮೊಬೈಲ್ ನೋಡುತ್ತಿದ್ದರೆ, ನಿಮ್ಮ ಎರಡು ಗಂಟೆಗಳ ಸಂಯಮ ಅವರ ಪಾಲಿಗೆ ನಡೆದೇ ಇಲ್ಲ.

ಲೆಕ್ಕವನ್ನೂ ಸ್ವಲ್ಪ ನೋಡಿ. ಇಂಥ ಮೇಜಿನಲ್ಲಿ ಡೀಲರ್ ಗಂಟೆಗೆ ಸುಮಾರು 30 ಕೈ ಹಂಚುತ್ತಾರೆ. ಮೊದಲೆರಡು ಎಲೆಗಳೇ ಜೋಡಿಯಾಗುವುದು 17ರಲ್ಲಿ ಒಂದು ಸಲ, ಎಕ್ಕದ ಜೋಡಿಯಂತೂ 221ರಲ್ಲಿ ಒಂದು ಸಲ. ಹಾಗಾಗಿ ಎರಡು ಗಂಟೆ ಸುಮ್ಮನೆ ಕುಳಿತವರಿಗೆ ಎಲೆ ಬಂದಿರಲಿಕ್ಕಿಲ್ಲವೆಂದೇ ಅನುಭವಿಗಳು ತಿಳಿಯುತ್ತಾರೆ, ಅದನ್ನು ಸ್ವಭಾವವೆಂದು ಕೂಡಲೇ ನಂಬುವುದಿಲ್ಲ. ನೆನಪಿನಲ್ಲಿ ಉಳಿಯುವುದು ಕೊನೆಯಲ್ಲಿ ಮೇಜಿನ ಮೇಲೆ ತಿರುಗಿಸಿದ ಎಲೆಗಳು. ಆ ಎರಡು ಗಂಟೆಗಳಲ್ಲಿ ಒಮ್ಮೆಯಾದರೂ ರಾಜನ ಜೋಡಿಯನ್ನೋ ಎಕ್ಕ-ರಾಜರನ್ನೋ ತೋರಿಸಿ ಗೆದ್ದಿದ್ದರೆ, ಫೋಲ್ಡ್ ಮಾಡಿದ ಅಷ್ಟೂ ಕೈಗಳಿಗಿಂತ ಅದೊಂದೇ ಹೆಚ್ಚು ಕೆಲಸ ಮಾಡುತ್ತಿತ್ತು.

ಇನ್ನು ನೀವು ಆಡಿದ ಕೈ. ಅದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡೋಣ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಹಣ, 100 ಮತ್ತು 200 ರೂಪಾಯಿ. ಕಳಾವರ್ ಎಂಟು-ಏಳು ಹಿಡಿದು ಮೊದಲ ಸರದಿಯಲ್ಲೇ 600ಕ್ಕೆ ರೇಸ್ ಮಾಡುತ್ತೀರಿ, ಬಿಗ್ ಬ್ಲೈಂಡ್ (200 ಹಾಕಿದವರು) ಒಬ್ಬರೇ ಕಾಲ್ ಮಾಡುತ್ತಾರೆ, ಪಾಟ್ 1,300. ಫ್ಲಾಪ್‌ನಲ್ಲಿ ಬೇರೆ ಬಣ್ಣಗಳ ರಾಜ, ಒಂಬತ್ತು, ನಾಲ್ಕು: 700ರ ಬೆಟ್, ಕಾಲ್. ಟರ್ನ್‌ನಲ್ಲಿ ಎರಡರ ಎಲೆ: 1,800ರ ಬೆಟ್, ಕಾಲ್, ಪಾಟ್ 6,300. ರಿವರ್‌ನಲ್ಲಿ ಎಕ್ಕ ಬೀಳುತ್ತದೆ, ನೀವು 4,000 ಹಾಕುತ್ತೀರಿ. ಬಿಗಿ ಆಟಗಾರನೆಂದು ನಿಜಕ್ಕೂ ನಂಬಿದವರಿಗೆ, ನಿಮ್ಮ ಕೈಯಲ್ಲಿ ಎಕ್ಕ-ರಾಜರಿದ್ದಾರೆ ಎಂಬ ಕಥೆ ಮೊದಲಿನಿಂದ ಕೊನೆಯವರೆಗೆ ಹೊಂದಿಕೊಂಡೇ ಕಾಣುತ್ತದೆ. ಈ ಬ್ಲಫ್ (ಎಲೆಯಿಲ್ಲದೆ ಹೆದರಿಸುವ ಬೆಟ್) ನಷ್ಟವಾಗದಿರಲು 100ಕ್ಕೆ ಸುಮಾರು 39 ಸಲ ಅವರು ಫೋಲ್ಡ್ ಮಾಡಿದರೆ ಸಾಕು. ಪಾಟ್‌ನಷ್ಟೇ ಬೆಟ್ ಹಾಕಿದರೆ 50 ಸಲ ಬೇಕು, ಅರ್ಧ ಪಾಟ್ ಹಾಕಿದರೆ 33. ಒಳ್ಳೆಯ ಇಮೇಜ್ ಮಾಡುವುದು ಇಷ್ಟನ್ನೇ: ಉದಾಹರಣೆಗೆ, 100ಕ್ಕೆ 30 ಸಲ ಫೋಲ್ಡ್ ಮಾಡುವವರನ್ನು 45ರ ಹತ್ತಿರ ತರುತ್ತದೆ. ಎರಡು ಸುತ್ತು ಚೆಕ್ ಮಾಡಿ ಕೊನೆಯಲ್ಲಿ ಏಕಾಏಕಿ ಎಗರಿದರೆ ಆ ಕಥೆಯೇ ಮುರಿಯುತ್ತದೆ, ಇಮೇಜ್ ಎಷ್ಟು ಚೆನ್ನಾಗಿದ್ದರೂ ಅದನ್ನು ಜೋಡಿಸಿ ಕೊಡುವುದಿಲ್ಲ. ವಾರಾಂತ್ಯಕ್ಕೆಂದು ಬಂದು ಎದುರಿನ ಎಲೆ ನೋಡಲೇಬೇಕೆಂಬ ಕುತೂಹಲದಲ್ಲಿ ಎಲ್ಲಕ್ಕೂ ಕಾಲ್ ಮಾಡುವವರ ಮುಂದೆ ಬ್ಲಫ್ ಬೇಡವೇ ಬೇಡ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ನೀವು ಬರೆಯದೆ ಬಿಟ್ಟ ಭಾಗ: ಸಿಕ್ಕಿಬಿದ್ದ ಮೇಲಿನ ಒಂದು ಗಂಟೆಯನ್ನು ಹೇಗೆ ಆಡಿದಿರಿ? ಇಡೀ ಮೇಜು ನಿಮ್ಮ ಖಾಲಿ ಕೈಯನ್ನು ಕಣ್ಣಾರೆ ನೋಡಿತ್ತು. ಅಂಥ ಹೊತ್ತಿನಲ್ಲಿ ಹೆಚ್ಚಿನವರು ನಾಚಿ, ಒಳ್ಳೆಯ ಎಲೆ ಬಂದರೂ ಚಿಕ್ಕ ಬೆಟ್ ಹಾಕುತ್ತಾರೆ. ಆದರೆ ಸೋತ ಆ ಪಾಟ್ ನಿಮಗೊಂದು ಸಡಿಲ (ಎಂಥ ಎಲೆಗೂ ಆಡುವ) ಆಟಗಾರನ ಇಮೇಜನ್ನು ಕೊಂಡುಕೊಟ್ಟಿದೆ. ಇನ್ನು ಬ್ಲಫ್ ನಿಲ್ಲಿಸಿ, ಎರಡು ಜೋಡಿಯೋ ಅದಕ್ಕಿಂತ ಮೇಲಿನದೋ ಬಂದಾಗ ಪಾಟ್‌ನ ಮುಕ್ಕಾಲು ಭಾಗ ಹಾಕಿದರೂ ಜನ ಕಾಲ್ ಮಾಡುತ್ತಾರೆ. ಹಾಗೆಂದು ಬೇಕೆಂದೇ ಬ್ಲಫ್ ತೋರಿಸಿ ಜಾಹೀರಾತು ಮಾಡಿಕೊಳ್ಳಬೇಡಿ, ಆಟಗಾರರು ಬದಲಾಗುತ್ತಲೇ ಇರುವ ಮೇಜಿನಲ್ಲಿ ನೋಡಿದವರು ಎದ್ದು ಹೋಗಿರುತ್ತಾರೆ.

ಪ್ರಶ್ನೆ: ನಾನು ಗೋವಾದ ವಾಸ್ಕೋದಲ್ಲೇ ನೆಲೆಸಿದವನು. ಇದನ್ನೆಲ್ಲ ಕಲಿಯುವುದು ಎಲ್ಲಿ?
– ಓದುಗರು, ವಾಸ್ಕೋ

ಉತ್ತರ: ಹಡಗಿನ ಮೇಜು ನಿಮಗಿಲ್ಲ, ಏಕೆಂದರೆ 2020ರ ಫೆಬ್ರವರಿಯಿಂದ ಗೋವಾದ ನಿವಾಸಿಗಳು ಕ್ಯಾಸಿನೋಗಳಲ್ಲಿ ಆಡುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಮನೆಯಲ್ಲಿ ಗೆಳೆಯರೊಂದಿಗೆ ಹಣವಿಲ್ಲದೆ ಆಡಿ. ಆದರೆ ಒಂದು ತೊಡಕಿದೆ: ಚಿಪ್‌ಗೆ ಬೆಲೆಯೇ ಇಲ್ಲದಿದ್ದರೆ ಯಾರೂ ಫೋಲ್ಡ್ ಮಾಡುವುದಿಲ್ಲ, ಫೋಲ್ಡ್ ಮಾಡದವರ ನಡುವೆ ಯಾವ ಇಮೇಜೂ ಕೆಲಸಕ್ಕೆ ಬಾರದು. ಆದ್ದರಿಂದ ಎಲ್ಲರಿಗೂ ಸಮನಾಗಿ ಚಿಪ್ಸ್ ಹಂಚಿ, ಮುಗಿಸಿಕೊಂಡವರು ಮೇಜು ಬಿಟ್ಟು ಏಳಬೇಕೆಂಬ ಟೂರ್ನಮೆಂಟ್ ಕ್ರಮದಲ್ಲಿ ಆಡಿ. ಆಟ ಮುಗಿದ ಮೇಲೆ ಯಾರು ಯಾರನ್ನು ಬಿಗಿ ಅಥವಾ ಸಡಿಲ ಎಂದುಕೊಂಡಿದ್ದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಓದಿ ನೋಡಿ.