ಲಘು ಹಾಸ್ಯ ಬರೆಯುವ ಹೊಸಬರಿಗೆ ಕನ್ನಡದಲ್ಲಿ ಅವಕಾಶ ಎಲ್ಲಿದೆ?

ಮದ್ದೂರಿನ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ನಾಲ್ಕು ನಗೆಬರಹಗಳನ್ನು ಬರೆದಿಟ್ಟುಕೊಂಡಿರುವುದಾಗಿಯೂ, ಹಾಸ್ಯ ಸಾಹಿತ್ಯವೇ ಅಲ್ಲವೆಂದು ಸ್ನೇಹಿತರು ಹೇಳುತ್ತಿರುವುದಾಗಿಯೂ ನೀವು ತಿಳಿಸಿದ್ದೀರಿ. ಅವುಗಳನ್ನು ಎಲ್ಲಿಗೆ ಕಳುಹಿಸಬೇಕು, ಇದರಿಂದ ಸಂಪಾದನೆ ಉಂಟೇ, ಆಲೆಮನೆ ನಡೆಸುವ ನಿಮ್ಮ ಸೋದರಮಾವನ ಕುರಿತು ಬರೆದದ್ದನ್ನು ಅಚ್ಚಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಪಾಂಡವಪುರ ತಾಲ್ಲೂಕಿನವನು, ಮೈಸೂರಿನ ಸರಸ್ವತಿಪುರದಲ್ಲಿ ನೆಲೆಸಿದ್ದೇನೆ, ಬ್ಯಾಂಕ್ ನೌಕರಿಯ ಜೊತೆಗೆ 22 ವರ್ಷಗಳಿಂದ ಲಘು ಪ್ರಬಂಧಗಳನ್ನು ಬರೆಯುತ್ತ ಬಂದಿದ್ದೇನೆ. ಆ ಅನುಭವದಿಂದ ಉತ್ತರಿಸುತ್ತೇನೆ.

ಮೊದಲು ನಿಮ್ಮ ಸ್ನೇಹಿತರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ಅದು ಮನಸ್ಸಿನಲ್ಲಿ ಉಳಿದರೆ ಮುಂದಿನದೇನೂ ಪ್ರಯೋಜನಕ್ಕೆ ಬರುವುದಿಲ್ಲ. ನಿಮ್ಮದೇ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಕನ್ನಡದಲ್ಲಿ ಲಲಿತ ಪ್ರಬಂಧಕ್ಕೆ ಗೌರವದ ಸ್ಥಾನ ತಂದುಕೊಟ್ಟವರು. ಮಾತಿನ ನಡುವೆ ಮೆಲ್ಲಗೆ ಮೂಡುವ ನಗು ಅವರ ಗದ್ಯದ ಗುಣ. 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದಿತು, ಮರುವರ್ಷವೇ ಹಾಸ್ಯಕ್ಕೆ ಹೆಸರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಬಂದಿತು. ಇನ್ನು ಮೈಸೂರಿನ ವಿಷಯಕ್ಕೆ ಬಂದರೆ, ಕೇರಳದಲ್ಲಿ ಹುಟ್ಟಿ, ಮಲಯಾಳವನ್ನು ಮನೆಮಾತಾಗಿ ಪಡೆದು, ಅಧ್ಯಾಪಕರಾಗಿ ಈ ಊರಿಗೆ ಬಂದ ನಾ. ಕಸ್ತೂರಿಯವರು ಕನ್ನಡದ ಶಬ್ದಗಳನ್ನೇ ಮುರಿದು ಜೋಡಿಸಿ, ಅವಕ್ಕೆ ಇಲ್ಲದ ಅರ್ಥಗಳನ್ನು ಹೊಂದಿಸಿ ‘ಅನರ್ಥಕೋಶ’ವೆಂಬ ನಿಘಂಟನ್ನೇ ರಚಿಸಿದರು. ಕಲಿತ ಭಾಷೆಯಲ್ಲಿ ಅವರು ಅಷ್ಟು ಸಲುಗೆಯಿಂದ ಆಡಿದರು ಎಂಬುದನ್ನು ನೆನೆದಾಗಲೆಲ್ಲ, ಮಂಡ್ಯದ ಮಾತನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದ ನಮಗೆ ಎಂತಹ ಬಂಡವಾಳ ಸುಮ್ಮನೆ ಸಿಕ್ಕಿದೆ ಎಂದು ನನಗೆ ಅನ್ನಿಸುತ್ತದೆ.

ಅವಕಾಶದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಕತೆ, ಕವಿತೆಗಳಿಗಿಂತ ನಗೆಬರಹದ ಬಾಗಿಲು ಹೊಸಬರಿಗೆ ಹೆಚ್ಚು ತೆರೆದಿದೆ. ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡುವ ಗೆಳೆಯರು ಹೇಳುವ ಮಾತು ಒಂದೇ. ಕವಿತೆಗಳು ಕಂತೆಗಟ್ಟಲೆ ಬರುತ್ತವೆ, ಕತೆಗಳಿಗೂ ಕೊರತೆಯಿಲ್ಲ, ಆದರೆ ಓದಿ ನಗು ಬರುವಂತಹ, ಯಾರಿಗೂ ನೋವಾಗದಂತಹ, ಒಂದು ಪುಟದಲ್ಲಿ ಮುಗಿಯುವಂತಹ ಬರಹ ಬೇಕೆಂದಾಗ ಸಿಗುವುದಿಲ್ಲ. ಅಂತಹ ಬರಹ ಕೈಗೆ ಬಂದರೆ ಕೆಳಗಿರುವ ಹೆಸರು ಹೊಸದೋ ಹಳೆಯದೋ ಎಂದು ಯಾವ ಸಂಪಾದಕರೂ ಎಣಿಸುವುದಿಲ್ಲ. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 25 ವರ್ಷ ನಡೆಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಯೂ ಹೀಗೆಯೇ ಹೊಸಬರನ್ನು ಬೆಳೆಸಿತು. ಆಗಿನ್ನೂ ಹೆಸರು ಮಾಡಿರದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳು ಅದರಲ್ಲಿ ಅಚ್ಚಾಗಿದ್ದವು.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಕೆಲಸ ಸುಲಭವೆಂದು ಅರ್ಥವಲ್ಲ. ಹೊಸಬರ ನಗೆಬರಹ ಸೋಲುವುದು ಬಹುತೇಕ ಒಂದೇ ಕಾರಣಕ್ಕೆ. ಬರೆಯುವವರು ನಗಿಸಲು ಹೊರಡುತ್ತಾರೆ, ಕಂಡದ್ದನ್ನು ಹೇಳಲು ಹೊರಡುವುದಿಲ್ಲ. ಹೆಂಡತಿಯ ಲಟ್ಟಣಿಗೆ, ಜಿಪುಣ ಮಾವ, ಗೊರಕೆ ಹೊಡೆಯುವ ಗುಮಾಸ್ತ ಎಂಬ ಸಿದ್ಧ ಗೊಂಬೆಗಳನ್ನು ತಂದು ಕುಣಿಸಿದರೆ ಓದುಗರಿಗೆ ಮುಂದಿನ ಸಾಲು ಮೊದಲೇ ತಿಳಿದಿರುತ್ತದೆ. ನಾನು ಕಲಿತದ್ದನ್ನು ಒಂದು ಉದಾಹರಣೆಯ ಮೂಲಕವೇ ಹೇಳುತ್ತೇನೆ.

2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತಲ್ಲ, ಅದಾದ ಕೆಲವು ವಾರಗಳಿಗೆ ನಾನು ಮೈಸೂರಿನಿಂದ ಊರಿಗೆ ಹೊರಟಿದ್ದೆ. ಶ್ರೀರಂಗಪಟ್ಟಣದಲ್ಲಿ ಒಬ್ಬ ಅಜ್ಜಿ ಹತ್ತಿದರು. ಅವರ ತೊಡೆಯ ಮೇಲಿದ್ದ ವೈರ್ ಬ್ಯಾಗಿನಿಂದ ಒಂದು ಕೋಳಿ ತಲೆ ಹೊರಗೆ ಹಾಕಿ, ಬಸ್ಸಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿತ್ತು. ಕಂಡಕ್ಟರ್ ಬಂದು, “ಅಜ್ಜಿ, ನಿಮ್ಗೆ ಫ್ರೀ. ಕೋಳಿಗೆ ಟಿಕೆಟ್ ತಗೋಬೇಕು” ಎಂದರು. ಅಜ್ಜಿ ಬ್ಯಾಗನ್ನು ಸ್ವಲ್ಪ ಅಗಲಿಸಿ ತೋರಿಸುತ್ತ, “ಹೆಂಗಸ್ರಿಗೆಲ್ಲ ಫ್ರೀ ಅಂದವ್ರೆ. ಇದು ಹ್ಯಾಟೆ ಕಣಪ್ಪ, ಹುಂಜ ಅಲ್ಲ” ಎಂದರು. ಕಂಡಕ್ಟರ್ ಟಿಕೆಟ್ ಯಂತ್ರದ ಮೇಲಿಟ್ಟ ಬೆರಳನ್ನು ಹಾಗೆಯೇ ನಿಲ್ಲಿಸಿ, ಕೋಳಿಯನ್ನು ಒಮ್ಮೆ ನೋಡಿ, “ಹಂಗಾದ್ರೆ ಅದ್ರ ಆಧಾರ್ ಕಾರ್ಡ್ ತೋರ್ಸವ್ವ” ಎಂದರು.

ಇದನ್ನು ನಾನು ಮೊದಲ ಸಲ ಬರೆದಾಗ ಆರಂಭದಲ್ಲಿ ಎರಡು ಪ್ಯಾರಾಗಳಷ್ಟು ಯೋಜನೆಯ ವಿವರವಿತ್ತು, ಬಸ್ಸಿನ ನೂಕುನುಗ್ಗಲಿನ ವರ್ಣನೆಯಿತ್ತು, ಅಜ್ಜಿಯ ಮಾತು ಪುಸ್ತಕದ ಕನ್ನಡದಲ್ಲಿತ್ತು, ಕೊನೆಯಲ್ಲಿ ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತೆಂದೂ, ಹಳ್ಳಿಗರ ಮುಗ್ಧತೆ ದೊಡ್ಡದೆಂದೂ ಬರೆದಿದ್ದೆ. ಓದಿದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, “ಅಜ್ಜಿ ಮುಗ್ಧರಲ್ಲ, ಬಹಳ ಜಾಣರು. ಕಂಡಕ್ಟರ್ ಇನ್ನೂ ಜಾಣ. ಇಬ್ಬರ ನಡುವೆ ನೀವು ಯಾಕೆ ನಿಂತಿದ್ದೀರಿ?” ಎಂದು ಕೇಳಿದರು. ಆ ಮಾತು ನನಗೆ ಇಂದಿಗೂ ಪಾಠವಾಗಿದೆ. ಎರಡನೆಯ ಸಲ ಬರೆಯುವಾಗ ಬ್ಯಾಗಿನಿಂದ ಹೊರಬಂದ ಕೋಳಿಯ ತಲೆಯಿಂದಲೇ ಶುರುಮಾಡಿದೆ, ಇಬ್ಬರ ಮಾತನ್ನೂ ಅವರಾಡಿದ ಹಾಗೆಯೇ ಇಟ್ಟೆ, ಆಧಾರ್ ಕಾರ್ಡಿನ ಮಾತಿಗೆ ನಿಲ್ಲಿಸಿದೆ. ಯಾರು ನಕ್ಕರು ಎಂಬುದನ್ನೂ, ಕೊನೆಗೆ ಕೋಳಿಗೆ ಟಿಕೆಟ್ ಆಯಿತೇ ಎಂಬುದನ್ನೂ ಬರೆಯಲಿಲ್ಲ. ಮುಖ್ಯವಾಗಿ, ಆ ಪ್ರಸಂಗದಲ್ಲಿ ಸೋತವರು ಯಾರೂ ಇಲ್ಲ. ಲಘು ಹಾಸ್ಯವೆಂದರೆ ನನಗೆ ಅರ್ಥವಾಗಿರುವುದು ಇದೇ. ಬರಹದಲ್ಲಿ ಬರುವವರು ಅದನ್ನು ಓದಿದರೆ ಅವರೂ ನಗುವಂತಿರಬೇಕು.

ನಿಮ್ಮ ಜಿಲ್ಲೆಯ ಆಡುಮಾತಿನ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು. “ಬುಡ್ಲಾ”, “ಕಣ್ಲಾ” ಎಂದು ಸಾಲುಸಾಲಿಗೆ ಸೇರಿಸಿದ ಮಾತ್ರಕ್ಕೆ ಮಂಡ್ಯದ ಹಾಸ್ಯವಾಗುವುದಿಲ್ಲ. ಸಿನಿಮಾಗಳಲ್ಲಿ ಅದು ಸವೆದುಹೋಗಿದೆ. ಮಂಡ್ಯದವರ ಹಾಸ್ಯ ಇರುವುದು ಎದುರಿನವರ ಮಾತನ್ನೇ ಹಿಡಿದು ಅವರಿಗೇ ಹಿಂದಿರುಗಿಸುವ ರೀತಿಯಲ್ಲಿ. ಅಜ್ಜಿ ಮಾಡಿದ್ದೂ ಅದನ್ನೇ. ಕಥನವನ್ನು ಸರಳ ಗ್ರಾಂಥಿಕದಲ್ಲಿಟ್ಟು, ಸಂಭಾಷಣೆಯನ್ನು ಮಾತ್ರ ಆಡುನುಡಿಯಲ್ಲಿಟ್ಟರೆ ಎರಡಕ್ಕೂ ಕಳೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಎಲ್ಲಿಗೆ ಕಳುಹಿಸಬೇಕು ಎಂಬುದಕ್ಕೆ ಬರುತ್ತೇನೆ. ಹತ್ತಿರದಿಂದಲೇ ಆರಂಭಿಸಿ. ಮೈಸೂರಿನಿಂದ ಹೊರಡುವ ‘ಆಂದೋಲನ’, ‘ಮೈಸೂರು ಮಿತ್ರ’ದಂತಹ ಪತ್ರಿಕೆಗಳನ್ನು ನಿಮ್ಮ ಊರಿನವರೇ ಓದುತ್ತಾರೆ. ಸ್ಥಳೀಯ ಹೆಸರುಗಳಿಗೂ ಮಾತಿಗೂ ಅಲ್ಲಿ ವಿವರಣೆ ಕೊಡಬೇಕಾಗಿಲ್ಲ. ಅನಂತರ ‘ಸುಧಾ’, ‘ತರಂಗ’, ‘ಮಯೂರ’, ‘ಕಸ್ತೂರಿ’ಗಳಂತಹ ನಿಯತಕಾಲಿಕಗಳನ್ನೂ ದಿನಪತ್ರಿಕೆಗಳ ಭಾನುವಾರದ ಪುರವಣಿಗಳನ್ನೂ ನೋಡಿ. ನೋಡಿ ಎಂದಾಗ ನಿಜವಾಗಿ ಓದಿ ಎಂದೇ ನನ್ನ ಅರ್ಥ. ಗ್ರಂಥಾಲಯದಲ್ಲಿ ಕುಳಿತು ಆಯಾ ಪತ್ರಿಕೆಯ ಹಿಂದಿನ ಆರು ಸಂಚಿಕೆಗಳನ್ನು ತಿರುವಿ ಹಾಕಿದರೆ ಯಾರು ಎಷ್ಟು ಉದ್ದದ ಬರಹ ಹಾಕುತ್ತಾರೆ, ಯಾವ ಬಗೆಯ ನಗು ಅವರಿಗೆ ಒಪ್ಪಿಗೆ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಅಪ್ಪಟ ಹಾಸ್ಯಕ್ಕೇ ಮೀಸಲಾದ ‘ಅಪರಂಜಿ’ ‘ಕೊರವಂಜಿ’ಯ ಪರಂಪರೆಯಲ್ಲಿ ಬಂದ ಪತ್ರಿಕೆ. ಪೂರ್ತಿ ಪ್ರಬಂಧಕ್ಕೆ ಇನ್ನೂ ಕೈ ಕುದುರಿಲ್ಲವೆಂದಾದರೆ ನಗೆಹನಿ, ಚುಟುಕ, ಓದುಗರ ಸ್ವಂತ ಅನುಭವದ ಪುಟ್ಟ ಪ್ರಸಂಗಗಳಿಂದ ಆರಂಭಿಸುವುದರಲ್ಲಿ ಯಾವ ಕೀಳೂ ಇಲ್ಲ. ನನ್ನ ಮೊದಲ ಪ್ರಕಟಣೆ ಏಳು ಸಾಲಿನದು.

ಕಳುಹಿಸುವ ಕ್ರಮದಲ್ಲಿ ಎಚ್ಚರ ಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಒಂದು ಬರಹವನ್ನು ಒಂದು ಕಾಲಕ್ಕೆ ಒಂದೇ ಪತ್ರಿಕೆಗೆ ಕಳುಹಿಸಿ, ಸ್ವಂತದ್ದೆಂದೂ ಬೇರೆಲ್ಲೂ ಪ್ರಕಟವಾಗಿಲ್ಲವೆಂದೂ ಒಂದು ಸಾಲು ಬರೆದು ವಿಳಾಸ, ದೂರವಾಣಿ ಸಂಖ್ಯೆ ಕೊಡಿ. ಮೂರು ತಿಂಗಳು ಕಾಯಿರಿ, ಅನಂತರ ವಿನಯದಿಂದ ವಿಚಾರಿಸಿ, ಉತ್ತರ ಬಾರದಿದ್ದರೆ ಹಿಂದಕ್ಕೆ ಪಡೆಯುತ್ತಿರುವುದಾಗಿ ತಿಳಿಸಿ ಬೇರೆಡೆಗೆ ಕಳುಹಿಸಿ. ನಾನು ಒಮ್ಮೆ ಈ ತಾಳ್ಮೆ ತಪ್ಪಿ ಒಂದೇ ಬರಹವನ್ನು ಎರಡು ಕಡೆಗೆ ಕಳುಹಿಸಿದೆ, ಒಂದೇ ವಾರದಲ್ಲಿ ಎರಡರಲ್ಲೂ ಅಚ್ಚಾಯಿತು, ಎರಡೂ ಕಚೇರಿಗಳ ವಿಶ್ವಾಸವನ್ನು ಮರಳಿ ಗಳಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಹಬ್ಬದ ವಿಶೇಷಾಂಕಗಳ ತಯಾರಿ ತಿಂಗಳುಗಳ ಮೊದಲೇ ನಡೆಯುವುದರಿಂದ ದೀಪಾವಳಿಯ ಬರಹವನ್ನು ದೀಪಾವಳಿಯ ಹೊತ್ತಿಗೆ ಕಳುಹಿಸಿದರೆ ಪ್ರಯೋಜನವಿಲ್ಲ. ಸ್ಪರ್ಧೆಗಳ ಪ್ರಕಟಣೆಗಳೂ ಅದಕ್ಕೆ ಬಹಳ ಮೊದಲೇ ಬರುತ್ತವೆ.

ಅಚ್ಚಿನ ಆಚೆಗೆ ಆಕಾಶವಾಣಿ ಇದೆ. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದು ನಿಮಗೆ ತಿಳಿದಿರಬಹುದು. ಇಂದಿನ ಮೈಸೂರು ಆಕಾಶವಾಣಿಯನ್ನು ಮಂಡ್ಯದ ಕಡೆಯೂ ಕೇಳುತ್ತಾರೆ. ಕಿವಿಗಾಗಿ ಬರೆಯುವ ಅಭ್ಯಾಸದಿಂದ ವಾಕ್ಯಗಳ ಅನಗತ್ಯ ತೂಕ ತಾನಾಗಿ ಇಳಿಯುತ್ತದೆ, ಆದ್ದರಿಂದ ಪ್ರಸಾರ ಸಿಗಲಿ ಬಿಡಲಿ, ಪ್ರತಿ ಬರಹವನ್ನೂ ಗಟ್ಟಿಯಾಗಿ ಓದಿ ನೋಡಿ. ವೇದಿಕೆಯ ಹಾಸ್ಯ ಬೇರೆಯದೇ ವಿದ್ಯೆ, ಅದಕ್ಕೆ ಕಂಠವೂ ಸಮಯಪ್ರಜ್ಞೆಯೂ ಬೇಕು, ನನಗೆ ಅದರ ಅನುಭವವಿಲ್ಲ.

ಸಂಪಾದನೆಯ ಬಗ್ಗೆ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಪತ್ರಿಕೆಗಳ ಗೌರವಧನ ನನಗೆ ಬಂದದ್ದು ನೂರುಗಳ ಲೆಕ್ಕದಲ್ಲಿ, ಅಪರೂಪಕ್ಕೆ ಸಾವಿರ ದಾಟಿದೆ, ಕೆಲವೊಮ್ಮೆ ಬಂದೇ ಇಲ್ಲ. ದೂರದರ್ಶನದ ಹಾಸ್ಯ ಕಾರ್ಯಕ್ರಮಗಳಿಗೂ ಧಾರಾವಾಹಿಗಳಿಗೂ ಸಂಭಾಷಣೆ ಬರೆಯುವವರಿಗೆ ಹೆಚ್ಚು ಹಣ ಸಿಗುತ್ತದೆ, ಹಳೆ ಮೈಸೂರಿನ ಆಡುಮಾತು ಬಲ್ಲವರನ್ನು ಅಲ್ಲಿ ಹುಡುಕುತ್ತಲೂ ಇರುತ್ತಾರೆ, ಆದರೆ ಅದು ಹಗಲು ರಾತ್ರಿಯ ದುಡಿಮೆ. ಸಹಕಾರ ಸಂಘದ ಕೆಲಸವನ್ನು ಬಿಡಬೇಡಿ. ಶಿವರಾಂ ಅವರು ವೈದ್ಯರಾಗಿದ್ದರು, ಬೀchiಯವರು ಪೊಲೀಸ್ ಇಲಾಖೆಯಲ್ಲಿದ್ದರು, ಮೂರ್ತಿರಾಯರು ಅಧ್ಯಾಪಕರಾಗಿದ್ದರು. ನೌಕರಿ ಅವರ ಬರವಣಿಗೆಗೆ ಅಡ್ಡಿಯಾಗಲಿಲ್ಲ, ಮನುಷ್ಯರನ್ನು ದಿನವೂ ಎದುರಿಗೆ ತಂದು ನಿಲ್ಲಿಸಿತು. ಬೆಳೆ ಸಾಲಕ್ಕೆ ಬರುವ ರೈತರೂ ಜಾಮೀನಿಗೆ ಬರುವ ಬೀಗರೂ ನಿಮ್ಮ ಕೌಂಟರಿನ ಮುಂದೆ ಆಡುವ ಮಾತುಗಳನ್ನು ಆಯಾ ಸಂಜೆಯೇ ಬರೆದಿಡಿ, ಎರಡು ದಿನ ಕಳೆದರೆ ಮಾತಿನ ಸಾರ ಉಳಿದು ಮಾತೇ ಮರೆತುಹೋಗುತ್ತದೆ.

ಪುಸ್ತಕದ ಆಸೆ ಬೇಗ ಬೇಡ. ಕನಿಷ್ಠ ಇಪ್ಪತ್ತೈದು ಬರಹಗಳು ಅಚ್ಚಾದ ಮೇಲೆ ಯೋಚಿಸಿ. ಚೊಚ್ಚಲ ಕೃತಿಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಕೃತಿಗೆಂದೇ ಮಧುರಚೆನ್ನರ ಹೆಸರಿನ ದತ್ತಿ ಬಹುಮಾನವಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 35 ವರ್ಷದೊಳಗಿನವರಿಗಾಗಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ. ನನ್ನ ಮೊದಲ ಸಂಕಲನದ ಸಮಯದಲ್ಲಿ ಇವನ್ನೊಂದೂ ವಿಚಾರಿಸದೆ, ಹಣ ಕೊಟ್ಟರೆ ಅಚ್ಚುಹಾಕುತ್ತೇವೆಂದ ಒಬ್ಬ ಪ್ರಕಾಶಕರನ್ನು ನಂಬಿದೆ. ಮಾರಾಟದ ಹೊಣೆ ತಮ್ಮದೆಂದಿದ್ದ ಅವರು 300 ಪ್ರತಿಗಳನ್ನು ಆಟೋದಲ್ಲಿ ತಂದು ನನ್ನ ಮನೆಯ ಜಗುಲಿಯಲ್ಲಿ ಇಳಿಸಿ ಹೋದರು. ಅವುಗಳಲ್ಲಿ ಅರ್ಧ ಮಂಚದ ಕೆಳಗೆ ಗೆದ್ದಲಿಗೆ ಆಹಾರವಾಯಿತು. ಅದು ನಿಮಗೆ ಆಗಬಾರದು. ಬರೆದವರಿಂದಲೇ ಹಣ ಕೇಳುವವರ ಬಳಿ ಹೋಗಬೇಡಿ.

ಕೊನೆಯದಾಗಿ ನಿಮ್ಮ ಮಾವನವರ ವಿಷಯ. ನಾಲ್ಕು ಬರಹಗಳ ಪೈಕಿ ಅದನ್ನೇ ಮೊದಲು ಕಳುಹಿಸಬೇಕೆಂದು ನನಗೆ ತೋರುತ್ತದೆ. ಪಾಕ ಹದಕ್ಕೆ ಬಂದಿದೆಯೇ ಎಂದು ಅವರು ಬೆರಳಿನಲ್ಲಿ ನೋಡುವ ಹೊತ್ತಿಗೇ ಪ್ರತಿ ಸಲವೂ ಸಾಲಗಾರರು ಬಂದು ನಿಲ್ಲುತ್ತಾರೆ ಎಂದು ನೀವು ಒಂದು ಸಾಲಿನಲ್ಲಿ ಬರೆದದ್ದನ್ನು ಓದಿಯೇ ನನಗೆ ಆ ಕೊಪ್ಪರಿಗೆಯ ಬಿಸಿ ತಾಗಿದ ಹಾಗಾಯಿತು. ಹೆಸರನ್ನೂ ಊರನ್ನೂ ಬದಲಿಸಿ. ಸಾಲದ ಮೊತ್ತವನ್ನು ತೆಗೆದುಬಿಡಿ, ಅದು ಮನೆಯೊಳಗಿನ ಮಾತು. ಅನಂತರ ಅಚ್ಚಿಗೆ ಕೊಡುವ ಮೊದಲು ಆಲೆಮನೆಗೇ ಹೋಗಿ ಅವರ ಮುಂದೆ ಗಟ್ಟಿಯಾಗಿ ಓದಿ. ಅವರು ನಕ್ಕ ಕಡೆ ಗುರುತು ಹಾಕಿಕೊಳ್ಳಿ, ಮುಖ ಸಣ್ಣದಾದ ಸಾಲನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಅಲ್ಲೇ ಹೊಡೆದುಹಾಕಿ. “ಇದು ಹಂಗಲ್ಲ, ಹಿಂಗಾಯ್ತು” ಎಂದು ಅವರು ಖಂಡಿತ ತಿದ್ದುತ್ತಾರೆ. ಅವರು ತಿದ್ದಿದ್ದನ್ನು ಅವರದೇ ಮಾತಿನಲ್ಲಿ ಸೇರಿಸಿ, ಯುಗಾದಿಯ ಸಂಚಿಕೆಗೆ ಹೊಂದುವಂತೆ ಡಿಸೆಂಬರ್ ಮುಗಿಯುವುದರೊಳಗೆ ಕಳುಹಿಸಿಕೊಡಿ.